ಮಣ್ಣು ತುಳಿಯುವ ವಿದ್ಯೆ

ಮಣ್ಣು ಕಲಸುವುದೂ ಒಂದು ವಿದ್ಯೆಯೇ ಎಂದು ಕೇಳುವವರುಂಟು. ನೀರು ಹೊಯ್ದು ತುಳಿದರೆ ಕೆಸರಾಗುವುದು ಮಣ್ಣಿನ ಧರ್ಮ. ಮಳೆಗಾಲದಲ್ಲಿ ಕೊಟ್ಟಿಗೆಯ ಮುಂದೆ ದನಕರುಗಳು ದಿನವೂ ಮಾಡುವ ಈ ಕೆಲಸಕ್ಕೆ ಗುರುವೇಕೆ, ಗ್ರಂಥವೇಕೆ ಎಂಬುದು ಅವರ ಭಾವ. ಆದರೆ ಆ ಕೆಸರು ಒಣಗಿ ಗೋಡೆಯಾಗಿ ನೂರಾರು ವರ್ಷ ನಿಲ್ಲಬೇಕು, ಅಟ್ಟದ ತೊಲೆಗಳನ್ನೂ ಛಾವಣಿಯ ಭಾರವನ್ನೂ ಹೊರಬೇಕು, ಬಿಟ್ಟೂಬಿಡದೆ ಹೊಡೆಯುವ ಮಳೆಗೆ ಕರಗದಿರಬೇಕು ಎಂದಾಗ ಪ್ರಶ್ನೆ ಅಷ್ಟು ಸುಲಭವಾಗಿ ತೀರುವುದಿಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಪ್ರಾಂತದಲ್ಲಿ ಅಂಥ ಗೋಡೆಯ ಮನೆಗಳೂ ಕಣಜಗಳೂ ಇಂದಿಗೂ ಸಾವಿರಗಟ್ಟಲೆ ನಿಂತಿವೆ. ಎಲಿಜಬೆತ್ ರಾಣಿಯ ಕಾಲದ ನಾವಿಕನೂ ಕವಿಯೂ ಆದ ಸರ್ ವಾಲ್ಟರ್ ರಾಲಿ ಹುಟ್ಟಿದ ಸ್ಥಳವೆಂದು ಹೆಸರಾದ ಹೇಯ್ಸ್ ಬಾರ್ಟನ್ ಎಂಬ ತೋಟದ ಮನೆಯ ಗೋಡೆಗಳು ಇಂಥವೇ. ಹುಲ್ಲಿನ ಸೂರು, ಮಣ್ಣಿನ ಮೈ. ಒಳಗೆ ಹುಟ್ಟಿದವನು ಸಮುದ್ರಗಳನ್ನು ದಾಟಿ ಹೋದ.

ಈ ಗೋಡೆಯನ್ನು ಅಲ್ಲಿಯವರು ‘ಕಾಬ್’ ಎಂದು ಕರೆಯುತ್ತಾರೆ. ಮುದ್ದೆ ಎಂಬ ಅರ್ಥದ ಹಳೆಯ ಮಾತಿನಿಂದ ಈ ಹೆಸರು ಬಂದಿರಬೇಕೆಂದು ಹೇಳುವುದುಂಟು. ಅದು ಸಲ್ಲುವ ಹೆಸರೇ. ಇಲ್ಲಿ ಇಟ್ಟಿಗೆಯಿಲ್ಲ, ಅಚ್ಚಿಲ್ಲ, ಮಣ್ಣನ್ನು ನಡುವೆ ತುಂಬಿ ಗುದ್ದುವುದಕ್ಕೆ ಹಲಗೆಗಳ ಕಟ್ಟೂ ಇಲ್ಲ. ಜೇಡಿ, ಮರಳು, ಗರಸು, ಒಣಹುಲ್ಲು, ನೀರು — ಇಷ್ಟನ್ನು ಕೂಡಿಸಿ ತುಳಿದು, ಮುದ್ದೆ ಮುದ್ದೆಯಾಗಿ ಎತ್ತಿ, ಒಂದರ ಮೇಲೊಂದು ಹೇರಿ, ಇಡೀ ಗೋಡೆಯನ್ನು ಒಂದೇ ಜೀವವೆಂಬಂತೆ ಬೆಳೆಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮಣ್ಣು ನೆನೆಹಾಕಿ ತುಳಿದು ವರಸೆ ವರಸೆಯಾಗಿ ಗೋಡೆಯಿಡುವುದನ್ನು ಕಂಡವರಿಗೆ ಇದು ಹೊಸತಲ್ಲ. ಬೇರೆ ನಾಡಿನಲ್ಲಿ ಬೆಳೆದ ದಾಯಾದಿಯನ್ನು ಕಂಡಂತೆ.

ಗೋಡೆಗೆ ಬೇಕಾದ ಮಣ್ಣು ಮೇಲ್ಮಣ್ಣಲ್ಲ. ಬೇರು, ಎಲೆಗೊಬ್ಬರ ಕೂಡಿದ ಆ ಕಪ್ಪು ಪದರ ಬೆಳೆಗೆ ತಾಯಿ, ಗೋಡೆಗೆ ಶತ್ರು. ಒಳಗಿನ ಸಸ್ಯಾಂಶ ಕೊಳೆತಷ್ಟೂ ಗೋಡೆ ಟೊಳ್ಳಾಗುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ಅದರ ಕೆಳಗಿನ ಅಡಿಮಣ್ಣನ್ನು ಅಗೆಯಬೇಕು. ಹೆಚ್ಚಾಗಿ ಮನೆ ಏಳುವ ಜಾಗದ ಪಕ್ಕದಲ್ಲಿಯೇ ಅಗೆಯುತ್ತಿದ್ದರು. ಹೀಗಾಗಿ ಡೆವನ್ನಿನಲ್ಲಿ ಮನೆಯ ಬಣ್ಣವೇ ನೆಲದ ಬಣ್ಣ. ಕ್ರೆಡಿಟನ್ ಊರಿನ ಸುತ್ತಿನ ಕೆಂಪು ಸೀಮೆಯಲ್ಲಿ ಗೋಡೆ ಕುಂಕುಮ ಬೆರೆಸಿದಂತೆ ಕೆಂಪು. ಅಲ್ಲಿಂದ ವಾಯವ್ಯಕ್ಕೆ ಹೋದರೆ ಒಡಕಲು ಪದರಗಲ್ಲಿನ ನೆಲ, ಗೋಡೆಯೂ ಮಂಕು ಕಂದು. ಆ ಪದರಗಲ್ಲಿನ ಚೂರುಗಳಿಗೆ ಅಲ್ಲಿಯ ರೈತರು ‘ಶಿಲೆಟ್’ ಎಂಬ ಹೆಸರಿಟ್ಟಿದ್ದಾರೆ. ಭೂಗರ್ಭಶಾಸ್ತ್ರಜ್ಞ ನಕ್ಷೆಯಲ್ಲಿ ತೋರಿಸುವುದನ್ನು ಅಲ್ಲಿ ಹಾದಿಹೋಕನು ಹಿತ್ತಲ ಗೋಡೆಯಲ್ಲಿ ಓದಬಹುದು.

ಈ ಪದಾರ್ಥಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸ. ಜೇಡಿಯ ಕಣ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತಲೂ ಚಿಕ್ಕದು. ಹಾಳೆಯಂತೆ ತೆಳ್ಳಗೆ ಚಪ್ಪಟೆಯಾದುದು. ನೀರು ಸೋಕಿದಾಗ ಈ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ನೀರು ಆರಿದಾಗ ಒಂದನ್ನೊಂದು ಬಿಗಿದಪ್ಪುತ್ತವೆ. ಅಂಟು ಅದರದೇ, ಕುಗ್ಗುವ ದೋಷವೂ ಅದರದೇ. ನಮ್ಮ ಎರೆಹೊಲಗಳು ಬೇಸಗೆಯಲ್ಲಿ ಬಾಯಿಬಿಡುವುದನ್ನು ಕಂಡವರಿಗೆ, ಬರಿಯ ಜೇಡಿಯಿಂದ ಗೋಡೆಯಿಟ್ಟರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಆದಕಾರಣ ಮರಳು ಬೇಕು, ಗರಸು ಬೇಕು. ಅವು ಕುಗ್ಗುವುದಿಲ್ಲ, ಗೋಡೆಯ ಎಲುಬುಗಳು ಅವು. ಹೊಳೆಯಲ್ಲಿ ಉರುಳಿ ನುಣುಪಾದ ಮರಳಿಗಿಂತ ಮೂಲೆ ಮೂಲೆಯಾದ ಒರಟು ಮರಳು ಒಂದಕ್ಕೊಂದು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಇನ್ನು ಹುಲ್ಲು. ಒಣಗುವಾಗ ಹುಟ್ಟುವ ಒಂದು ದೊಡ್ಡ ಬಿರುಕನ್ನು ಅದು ನೂರು ಸಣ್ಣ ಗೀರುಗಳಾಗಿ ಹಂಚುತ್ತದೆ. ಒಳಗಿನ ತೇವಕ್ಕೆ ಹೊರದಾರಿಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹಸಿಯ ಮಣ್ಣು ಕವೆಗೋಲಿನ ತುದಿಯಲ್ಲಿ ಚದುರದೆ ಒಟ್ಟಾಗಿ ಏಳುವಂತೆ ಹಿಡಿದಿಡುತ್ತದೆ. ದನ ಮೇಯುವ ಹಸಿಹುಲ್ಲನ್ನು ಒಣಗಿಸಿದ್ದು ಇದಕ್ಕೆ ಸಲ್ಲದು, ಬೀಜವೂ ಎಲೆಯೂ ಇರುವ ಅದು ಕೊಳೆಯುತ್ತದೆ. ಕಾಳು ಒಕ್ಕಿದ ಮೇಲೆ ಉಳಿಯುವ ಗೋಧಿಯ ಅಥವಾ ಬಾರ್ಲಿಯ ಗಟ್ಟಿ ಕಡ್ಡಿಯೇ ಬೇಕು.

ಈಗ ತುಳಿತಕ್ಕೆ ಬರೋಣ. ಗಟ್ಟಿ ನೆಲದ ಮೇಲೆ ಮೊದಲು ತೆಳ್ಳಗೆ ಹುಲ್ಲು ಹರಡುತ್ತಿದ್ದರು. ಅದರ ಮೇಲೆ ಹೆಂಟೆಯೊಡೆದ ಮಣ್ಣನ್ನು ಒಂದು ಗೇಣಿಗೆ ಕಡಿಮೆ ದಪ್ಪದಲ್ಲಿ ಹಾಸಿ ನೀರು ಚಿಮುಕಿಸುತ್ತಿದ್ದರು. ನೀರು ಒಮ್ಮೆಗೇ ಸುರಿಯುವಂತಿಲ್ಲ. ಮಣ್ಣು ಕುಡಿದಷ್ಟು ಕುಡಿಸಿ, ಕಾದು, ಮತ್ತೆ ಕುಡಿಸಬೇಕು. ಬಳಿಕ ತುಳಿತ. ಗಟ್ಟಿ ಜೋಡು ತೊಟ್ಟ ಆಳುಗಳು ಹಿಮ್ಮಡಿ ಊರಿ ತುಳಿಯುತ್ತಿದ್ದರು. ಅನುಕೂಲವಿದ್ದಲ್ಲಿ ದನಗಳನ್ನು ಸುತ್ತು ಹೊಡೆಸುತ್ತಿದ್ದರು. ತುಳಿಯುತ್ತಿದ್ದಂತೆ ಒಬ್ಬನು ಮೇಲಿನಿಂದ ಹುಲ್ಲು ಉದುರಿಸುತ್ತಾನೆ, ಇನ್ನೊಬ್ಬನು ಅಂಚಿಗೆ ಜಾರಿದ ಮಣ್ಣನ್ನು ಕವೆಗೋಲಿನಿಂದ ನಡುವಿಗೆ ಮಗುಚುತ್ತಾನೆ. ಮಗುಚಿದ್ದನ್ನು ಮತ್ತೆ ತುಳಿಯುವುದು, ತುಳಿದುದನ್ನು ಮತ್ತೆ ಮಗುಚುವುದು. ತುಳಿಯುವ ದನಗಳ ಸಗಣಿಯೂ ಅದರಲ್ಲಿ ಕೂಡಿಕೊಳ್ಳುತ್ತಿತ್ತು. ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ನಮಗೆ ಅದರಲ್ಲಿ ವಿಸ್ಮಯವೇನೂ ಇಲ್ಲ.

ಕೆಲಸ ಎಷ್ಟೆಂಬುದಕ್ಕೆ ಒಂದು ಲೆಕ್ಕ ಕೊಡಬಹುದು. ಮೂವತ್ತು ಅಡಿ ಉದ್ದ, ಎಂಟು ಅಡಿ ಎತ್ತರ, ಎರಡು ಅಡಿ ದಪ್ಪದ ಒಂದೇ ಒಂದು ಗೋಡೆಯನ್ನು ತೆಗೆದುಕೊಳ್ಳಿ. ಅದು ೪೮೦ ಘನ ಅಡಿ ಮಣ್ಣು. ತೂಕದಲ್ಲಿ ೨೦ ಟನ್ನಿಗೆ ಮೇಲೆ. ಇಷ್ಟೂ ಮನುಷ್ಯನ ಅಥವಾ ದನದ ಪಾದದ ಕೆಳಗೆ ಹಲವು ಬಾರಿ ಹಾದು ಬರಬೇಕು. ಮನೆಗೆ ಇಂಥ ಗೋಡೆಗಳು ಕಡಿಮೆಯೆಂದರೆ ನಾಲ್ಕು. ಮಣ್ಣಿನ ಮನೆ ಅಗ್ಗವೆನ್ನುವವರು ಮಣ್ಣಿನ ಬೆಲೆಯನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ, ಕಾಲಿನ ಬೆಲೆಯನ್ನು ಹಿಡಿಯುವುದಿಲ್ಲ.

ತುಳಿದ ಮಣ್ಣನ್ನು ಗೋಡೆಯ ಮೇಲಕ್ಕೆ ಎಸೆಯುವವನು ಕೆಳಗೆ; ಗೋಡೆಯ ನೆತ್ತಿಯ ಮೇಲೆ ನಿಂತು ಅದನ್ನು ಮತ್ತೊಮ್ಮೆ ತುಳಿದು ಕೂರಿಸುವವನು ಮೇಲೆ. ಕಲ್ಲಿನ ತಳಪಾಯದ ಮೇಲೆ ಒಂದೊಂದು ವರಸೆ ಒಂದೂವರೆ ಎರಡು ಅಡಿಯಷ್ಟು ಏಳುತ್ತದೆ. ಹಸಿಯ ಗೋಡೆ ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ಉಬ್ಬುತ್ತದಾದ್ದರಿಂದ ಅಂಚನ್ನು ಬೇಕೆಂದೇ ಹೊರಚಾಚಿ ಬಿಟ್ಟು, ಸ್ವಲ್ಪ ಬಲಿತ ಮೇಲೆ ಅಗಲ ಬಾಯಿಯ ಕಬ್ಬಿಣದಿಂದ ಕೆತ್ತಿ ನೇರ ಮಾಡುತ್ತಾರೆ. ಅಲ್ಲಿಗೆ ನಿಲ್ಲಬೇಕು. ಎರಡು ಮೂರು ವಾರ ಒಣಗದೆ ಮುಂದಿನ ವರಸೆಯಿಲ್ಲ. ಹೀಗೆ ವಸಂತದಲ್ಲಿ ತೊಡಗಿದ ಗೋಡೆ ಶರತ್ಕಾಲದ ಹೊತ್ತಿಗೆ ಮುಗಿದರೆ ಪುಣ್ಯ. ಮುಗಿಯದಿದ್ದರೆ ಅದರ ತಲೆಗೆ ಹುಲ್ಲು ಹೊದಿಸಿ ಮರುವರ್ಷಕ್ಕೆ ಕಾಯುವುದು. ಕಾಬ್ ಗೋಡೆಗೆ ಒಳ್ಳೆಯ ಟೋಪಿ, ಒಳ್ಳೆಯ ಜೋಡು ಎರಡಿದ್ದರೆ ಸಾಕೆಂದು ಡೆವನ್ನಿನ ಗಾದೆ. ಚಾಚಿದ ಸೂರು ಟೋಪಿ, ಕಲ್ಲಿನ ತಳಪಾಯ ಜೋಡು.

ಒಣಗಲು ಕಾಯುವ ಈ ತಾಳ್ಮೆ ಎಲ್ಲರಿಗೂ ಒಪ್ಪಿಗೆಯಾಗಿತ್ತೆನ್ನುವಂತಿಲ್ಲ. ಇಂಗ್ಲೆಂಡಿನ ಉತ್ತರದ ತುದಿಯಲ್ಲಿ, ಸಾಲ್ವೇ ಕೊಲ್ಲಿಯ ತಪ್ಪಲಿನ ಕಂಬ್ರಿಯಾ ಬಯಲಿನಲ್ಲಿ, ಬೇರೊಂದು ಉಪಾಯ ಹೂಡಿದ್ದರು. ಅಲ್ಲಿ ಮಣ್ಣನ್ನು ಎರಡು ಮೂರು ಅಂಗುಲದ ತೆಳು ಪದರವಾಗಿ ಇಟ್ಟು, ಪ್ರತಿ ಪದರದ ಮೇಲೂ ಒಂದು ತೆಳು ಹುಲ್ಲಿನ ಹಾಸು ಹಾಕುತ್ತಿದ್ದರು. ಹುಲ್ಲು ಮೇಲಿನ ಭಾರವನ್ನು ಹಂಚಿ, ತೇವವನ್ನು ಹೀರಿ, ಹಸಿಯ ಗೋಡೆ ಕುಸಿಯದಂತೆ ತಡೆಯುತ್ತಿತ್ತು. ಕಾಯುವ ಅಗತ್ಯವೇ ಇರಲಿಲ್ಲ. ಮದುವೆಯಾದ ಹೊಸ ಜೋಡಿಗೆ ಮನೆ ಬೇಕೆಂದರೆ ಊರಿನ ಹೆಣ್ಣು ಗಂಡೆಲ್ಲ ನೆರೆದು, ಅಗೆಯುವವರು ಅಗೆದು, ನೀರು ತರುವವರು ತಂದು, ತುಳಿಯುವವರು ತುಳಿದು, ಒಂದೇ ದಿನದಲ್ಲಿ ಗೋಡೆಯೆಬ್ಬಿಸಿ, ಸಂಜೆ ಊಟ ಕುಣಿತಗಳಲ್ಲಿ ಮುಗಿಸುತ್ತಿದ್ದರೆಂದು ಹಳೆಯ ವರ್ಣನೆಗಳಿಂದ ತಿಳಿಯುತ್ತದೆ. ಮಣ್ಣು ಒಂದೇ, ಹುಲ್ಲು ಒಂದೇ. ಕೂಡಿಸುವ ಕ್ರಮ ಬದಲಾದುದರಿಂದ ಎರಡು ವರ್ಷದ ಕೆಲಸ ಒಂದು ದಿನದ ಹಬ್ಬವಾಯಿತು.

ಇಷ್ಟು ಹೇಳಿದ ಮೇಲೆ ಓದುಗರು ಕೇಳಬಹುದು: ಯಾವುದು ಎಷ್ಟು ಪಾಲು? ಅದಕ್ಕೆ ಅಂಕಿಗಳುಂಟು. ಜೇಡಿ ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಇದ್ದರೆ ಒಳ್ಳೆಯದು. ಮಿಕ್ಕುದು ಮರಳು, ಗರಸು. ಹುಲ್ಲು ತೂಕದಲ್ಲಿ ನೂರಕ್ಕೆ ಒಂದೆರಡು. ಆದರೆ ಈ ಅಂಕಿಗಳನ್ನು ಕೈಯಲ್ಲಿ ಹಿಡಿದು ಹೊರಟವನು ಮೊದಲ ಗುಂಡಿಯಲ್ಲಿಯೇ ತಬ್ಬಿಬ್ಬಾಗುತ್ತಾನೆ. ಒಂದೇ ಹೊಲದ ಎರಡು ಮೂಲೆಗಳ ಜೇಡಿಯ ಗುಣ ಒಂದಲ್ಲ. ಒಂದು ನೀರು ಕಂಡರೆ ಉಬ್ಬುತ್ತದೆ, ಇನ್ನೊಂದು ಉಬ್ಬುವುದಿಲ್ಲ. ನಿನ್ನೆ ಮಳೆ ಬಂದಿದ್ದರೆ ನೀರಿನ ಅಳತೆ ಬೇರೆ. ಇಲ್ಲಿ ಬೇಕಾದುದು ಪ್ರಮಾಣವಲ್ಲ, ಹದ. ಬೆಲ್ಲದ ಪಾಕ ಇಳಿಸುವವನು, ಹಿಟ್ಟು ನಾದುವವಳು, ಮೊದಲ ಮಳೆಯ ಮೇಲೆ ಹೊಲಕ್ಕೆ ನೇಗಿಲು ಹೂಡುವ ರೈತ, ಚಕ್ರಕ್ಕೆ ಮಣ್ಣು ಏರಿಸುವ ಕುಂಬಾರ — ಇವರೆಲ್ಲರೂ ಬಲ್ಲ, ಒಬ್ಬರೂ ಅಳೆದು ಹೇಳಲಾರದ ಆ ವಸ್ತು. ಇಂಗ್ಲಿಷಿನಲ್ಲಿ ಇದಕ್ಕೆ ಸರಿಸಾಟಿಯಾದ ಒಂದೇ ಮಾತನ್ನು ನಾನು ಕಾಣೆ. ಪುಟಗಟ್ಟಲೆ ಬರೆದು ಅವರು ಹೇಳಹೊರಡುವುದನ್ನು ನಮ್ಮ ಎರಡಕ್ಷರ ಹೇಳುತ್ತದೆ. ಹೇಳುತ್ತದೆಯೇ ಹೊರತು ಕಲಿಸುವುದಿಲ್ಲ, ಅದು ಬೇರೆ ಮಾತು.

ಹದವನ್ನು ಕಂಡುಕೊಳ್ಳಲು ಕೆಲವು ಊರುಗೋಲುಗಳಿವೆ. ಗಾಜಿನ ಸೀಸೆಯಲ್ಲಿ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಕ್ಷಣಗಳಲ್ಲಿ ತಳ ಸೇರುತ್ತದೆ, ನವುರು ಮಣ್ಣು ನಿಮಿಷಗಳಲ್ಲಿ, ಜೇಡಿ ಗಂಟೆಗಟ್ಟಲೆ ತೇಲಿ ಕೊನೆಗೆ ಇಳಿಯುತ್ತದೆ. ಪದರಗಳನ್ನು ನೋಡಿ ಅಂದಾಜು ಮಾಡಬಹುದು. ಕಲಸಿದ ಮಣ್ಣನ್ನು ಉಂಡೆ ಕಟ್ಟಿ ಹೆಗಲೆತ್ತರದಿಂದ ಬೀಳಿಸಿದರೆ, ಸೊಟ್ಟಗಾದರೂ ಒಡೆಯದೆ ಉಳಿಯಬೇಕು. ಪುಡಿಯಾದರೆ ಜೇಡಿಯೋ ನೀರೋ ಸಾಲದು, ರೊಟ್ಟಿಯಂತೆ ಹರಡಿದರೆ ನೀರು ಹೆಚ್ಚು. ಇವೆಲ್ಲಕ್ಕಿಂತ ನನಗೆ ಹಿಡಿಸುವುದು ಕಿವಿಯ ಪರೀಕ್ಷೆ. ಹಸಿಯ ಉಂಡೆಯನ್ನು ಕಿವಿಯ ಹತ್ತಿರ ಹಿಡಿದು ಹಿಸುಕಬೇಕು. ಮರಳಿನ ಹರಳುಗಳು ಒಂದನ್ನೊಂದು ಉಜ್ಜುವ ಕರಕರ ಸದ್ದು ಕೇಳಿದರೆ ಎಲುಬಿಗೆ ಎಲುಬು ತಾಗಿದೆಯೆಂದರ್ಥ. ಸದ್ದಿಲ್ಲದೆ ಬೆಣ್ಣೆಯಂತೆ ಜಾರಿದರೆ ಇನ್ನೂ ಮರಳು ಬೇಕು.

ಇಂಥ ತಿಳಿವಳಿಕೆಗೆ ಒಂದು ಅಪಾಯವುಂಟು. ಅದು ಕಾಗದದ ಮೇಲೆ ಉಳಿಯುವುದಿಲ್ಲ, ಕಾಲಿನಲ್ಲಿ ಉಳಿಯುತ್ತದೆ. ಕಾಲು ನಿಂತರೆ ಅದೂ ನಿಂತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ಇಟ್ಟಿಗೆ ಅಗ್ಗವಾಗುತ್ತಲೂ ಡೆವನ್ನಿನಲ್ಲಿ ಕಾಬ್ ಹಿಂದೆ ಸರಿಯತೊಡಗಿತು. ವಿಲಿಯಂ ಮಾರಿಸನ ದಾರಿಯಲ್ಲಿ ನಡೆದ ವಾಸ್ತುಶಿಲ್ಪಿ ಅರ್ನೆಸ್ಟ್ ಗಿಮ್ಸನ್ ೧೯೧೦ರ ಸುಮಾರಿನಲ್ಲಿ ಬಡ್ಲಿ ಸಾಲ್ಟರ್ಟನ್ ಎಂಬ ಕಡಲೂರಿನಲ್ಲಿ ‘ಕಾಕ್ಸೆನ್’ ಎಂಬ ಕಾಬ್ ಮನೆಯನ್ನು ಕಟ್ಟಿಸಿದ. ಆ ಕೆಲಸದ ಬಗ್ಗೆ ಅವನು ಬರೆದಿಟ್ಟ ಚಿಕ್ಕ ಟಿಪ್ಪಣಿ ಈ ವಿದ್ಯೆಯ ಚರಿತ್ರೆಯಲ್ಲಿ ಅಮೂಲ್ಯವಾದುದು. ಆ ಜಾಗದಲ್ಲಿಯೇ ಸಿಕ್ಕ ಗಡುಸು ಮರಳುಮಣ್ಣು, ಅದಕ್ಕೆ ತುಳಿದು ಸೇರಿಸಿದ ಹೇರಳ ಗೋಧಿಹುಲ್ಲು. ಮೂರು ಅಡಿ ದಪ್ಪ ಇಟ್ಟು ಎರಡೂವರೆ ಅಡಿಗೆ ಕೆತ್ತಿದ ಗೋಡೆಗಳು. ಅಟ್ಟದ ಮಟ್ಟ ಮುಟ್ಟಿ ಸೂರಿನ ತೊಲೆಯವರೆಗೆ ಏರಲು ಸುಮಾರು ಮೂರು ತಿಂಗಳು. ಘನಗಜಕ್ಕೆ ಆರು ಷಿಲಿಂಗು ಕೂಲಿ. ಇವೆಲ್ಲ ಲೆಕ್ಕದ ಮಾತು. ಕೊನೆಗೆ ಅವನು ಹೇಳುವ ಸಂಗತಿ ಲೆಕ್ಕಕ್ಕೆ ಸಿಕ್ಕುವಂಥದಲ್ಲ: ದುಡಿದ ಎಂಟು ಜನರಲ್ಲಿ ಈ ಕೆಲಸದ ಅನುಭವವಿದ್ದವನು ಒಬ್ಬನೇ, ಅವನೂ ಕಾಬ್ ಮುಟ್ಟಿ ಮೂವತ್ತು ವರ್ಷವಾಗಿತ್ತು.

ಗಿಮ್ಸನ್ ಇದನ್ನು ಹೇಳುವುದು ಕೆಲಸ ಬೇಗ ಕಲಿಯಬಹುದೆಂದು ತೋರಿಸಲಿಕ್ಕೆ. ನನಗಾದರೋ ಅದು ಇನ್ನೊಂದು ರೀತಿಯಾಗಿಯೂ ಕೇಳಿಸುತ್ತದೆ. ಹೆಸರು ತಿಳಿಯದ ಆ ಮುದುಕ ಆ ವರ್ಷ ಊರಲ್ಲಿರದಿದ್ದರೆ? ಉಳಿದ ಏಳು ಜನಕ್ಕೆ ನೀರು ಸಾಕೆಂದು ಹೇಳುವವರಾರು? ಮೂವತ್ತು ವರ್ಷ ಮರೆತಿದ್ದ ಹದ ಅವನ ಪಾದಕ್ಕೆ ಮೊದಲ ತುಳಿತದಲ್ಲಿಯೇ ನೆನಪಾಗಿರಬೇಕು. ಅವನ ಕಾಲಿನಿಂದ ಏಳು ಜೊತೆ ಕಾಲುಗಳಿಗೆ ಮೂರು ತಿಂಗಳಲ್ಲಿ ಅದು ಇಳಿಯಿತು. ಮೊದಲನೆಯ ಮಹಾಯುದ್ಧ ಮುಗಿದು, ಇಟ್ಟಿಗೆಗೂ ಕಲ್ಲಿದ್ದಲಿಗೂ ಬರ ಬಂದು, ಸೈನಿಕರು ಮರಳಿ ಬಂದು ಮನೆಯಿಲ್ಲದಿದ್ದಾಗ, ೧೯೧೯ರಲ್ಲಿ ಕ್ಲಫ್ ವಿಲಿಯಮ್ಸ್-ಎಲಿಸ್ ಎಂಬ ವಾಸ್ತುಶಿಲ್ಪಿ ಮಣ್ಣಿನ ಮನೆಗಳ ಮೇಲೆ ಪುಸ್ತಕವೊಂದನ್ನು ಹೊರತಂದು ಗಿಮ್ಸನ್ನನ ಟಿಪ್ಪಣಿಯನ್ನೂ ಅದರಲ್ಲಿ ಸೇರಿಸಿದ. ಪುಸ್ತಕ ಉಳಿಯಿತು, ಡೆವನ್ನಿನಲ್ಲಿ ಕಾಬ್ ಕಟ್ಟುವುದು ಮಾತ್ರ ಮುಂದಿನ ಹಲವು ದಶಕ ಹೆಚ್ಚುಕಡಿಮೆ ನಿಂತೇಹೋಯಿತು.

ಕಟ್ಟುವ ವಿದ್ಯೆ ಹೋದರೆ ಕಾಯುವ ವಿದ್ಯೆಯೂ ಹೋಗುತ್ತದೆ. ಹಳೆಯ ಗೋಡೆಗಳಿಗೆ ಸುಣ್ಣದ ಗಾರೆ ಬಳಿಯುತ್ತಿದ್ದ ಕಡೆಯಲ್ಲಿ ಇಪ್ಪತ್ತನೆಯ ಶತಮಾನದವರು ಗಟ್ಟಿಯೆಂದು ಸಿಮೆಂಟು ಬಳಿದರು. ಸುಣ್ಣ ಉಸಿರಾಡುತ್ತದೆ, ಒಳಹೊಕ್ಕ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಹಾಗಲ್ಲ. ಅದರ ಕೂದಲೆಳೆಯ ಬಿರುಕುಗಳಿಂದ ಒಳಗಿಳಿದ ಮಳೆನೀರು ಹೊರಬರಲಾರದೆ ಗೋಡೆಯ ಬುಡದಲ್ಲಿ ಸೇರಿತು. ಮೇಲೆ ನೋಡಿದರೆ ಗೋಡೆ ನುಣ್ಣಗೆ, ಬೆಳ್ಳಗೆ; ಒಳಗೆ ಅದು ಮೆಲ್ಲನೆ ಮತ್ತೆ ಕೆಸರಾಗುತ್ತಿತ್ತು. ಒಂದು ದಿನ ಬುಡ ತಾಳಲಾರದೆ ಗೋಡೆ ಕುಳಿತುಬಿಟ್ಟಿತು. ಮಣ್ಣಿನ ಮನೆ ದುರ್ಬಲವೆಂದು ಜನ ಆಡಿಕೊಂಡರು. ನಮ್ಮಲ್ಲಿಯೂ ಹಳೆಯ ಮಣ್ಣುಗೋಡೆಗಳಿಗೆ ಸಿಮೆಂಟು ಮೆತ್ತುವ ಆಸೆ ಕಡಿಮೆಯೇನಲ್ಲ.

ಮರಳಿ ಕಲಿತ ಕಥೆ ಚಿಕ್ಕದು. ಡೌನ್ ಸೇಂಟ್ ಮೇರಿ ಎಂಬ ಡೆವನ್ ಹಳ್ಳಿಯಲ್ಲಿ ಆಲ್ಫ್ರೆಡ್ ಹೊವರ್ಡ್ ಎಂಬ ಕಟ್ಟಡ ಕೆಲಸಗಾರ ೧೯೭೦ರ ದಶಕದಲ್ಲಿ ಕಾಬ್ ಗೋಡೆಯ ಬಸ್ ತಂಗುದಾಣವೊಂದನ್ನು ಕಟ್ಟಿದ. ಅಲ್ಲಿಂದ ಹೊಸ ಪೀಳಿಗೆಯ ಕಣ್ಣು ಮಣ್ಣಿನ ಕಡೆ ತಿರುಗಿತೆನ್ನುತ್ತಾರೆ. ಅಮೆರಿಕದ ಆರಿಗಾನ್ ಸಂಸ್ಥಾನದಲ್ಲಿ ಇಯಾಂಟೊ ಇವಾನ್ಸ್ ಮತ್ತು ಲಿಂಡಾ ಸ್ಮೈಲಿ ೧೯೮೯ರಲ್ಲಿ ಮೊದಲ ಪುಟ್ಟ ಮನೆ ಕಟ್ಟಿ, ಬಳಿಕ ಅದನ್ನು ಇತರರಿಗೆ ಕಲಿಸಲು ಒಂದು ಶಾಲೆಯನ್ನೇ ನಡೆಸಿದರು. ಆ ಕಡೆಯವರು ಹರಡಿದ ವಿಧಾನ ತೀರ ಸರಳ: ಟಾರ್ಪಾಲಿನ್ ಹಾಸಿನ ಮೇಲೆ ಜೇಡಿ ಮರಳುಗಳನ್ನು ಸುರಿದು, ಇಬ್ಬರು ಎದುರುಬದುರು ನಿಂತು ಅಂಚು ಹಿಡಿದೆಳೆದು ಉರುಳಿಸಿ ಬೆರೆಸುವುದು, ನೀರು ಹಾಕಿ ಬರಿಗಾಲಿನಲ್ಲಿ ತುಳಿಯುವುದು, ಮತ್ತೆ ಉರುಳಿಸುವುದು, ಕೊನೆಗೆ ಹುಲ್ಲು ಸೇರಿಸಿ ತುಳಿಯುವುದು. ಇಬ್ಬರು ಎತ್ತಬಲ್ಲಷ್ಟೇ ಒಂದು ಸಲಕ್ಕೆ. ಬರಿಗಾಲು ಎಂಬುದು ಇಲ್ಲಿ ಭಾವುಕತೆಯಲ್ಲ. ಅಂಗಾಲಿಗೆ ಕಲ್ಲೂ ತಿಳಿಯುತ್ತದೆ, ಒಡೆಯದ ಹೆಂಟೆಯೂ ತಿಳಿಯುತ್ತದೆ. ದೊಡ್ಡ ಕೆಲಸಕ್ಕೆ ಇಂದು ಡೆವನ್ನಿನಲ್ಲಿ ಮಣ್ಣು ಅಗೆಯುವ ಯಂತ್ರವನ್ನೇ ತುಳಿತಕ್ಕೂ ಬಳಸುತ್ತಾರೆ. ಅದರ ಗಾಲಿ ಹತ್ತು ಜನರ ಕೆಲಸವನ್ನು ಒಂದು ಬೆಳಗಿನಲ್ಲಿ ಮುಗಿಸುತ್ತದೆ. ನೀರು ಸಾಕೋ ಬೇಕೋ ಎಂದು ನೋಡಲು ಮಾತ್ರ ಒಬ್ಬನು ಇಳಿದು ಕಾಲಿಡಲೇಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಹಿಡಿದ ದಾರಿ ಬೇರೆ. ಅವರು ಮಣ್ಣಿಗೆ ಕೊಂಚ ಸಿಮೆಂಟೋ ಸುಣ್ಣವೋ ಕೂಡಿಸಿ, ಕೈಯಂತ್ರದಲ್ಲಿ ಒತ್ತಿ, ಸುಡದ ಇಟ್ಟಿಗೆ ಮಾಡಿದರು. ಅಲ್ಲಿ ಹದಕ್ಕೆ ಬದಲು ಅಳತೆ, ಕಾಲಿಗೆ ಬದಲು ಸನ್ನೆ. ನಗರದ ಕಟ್ಟಡಕ್ಕೆ ಅದು ಹೊಂದುವ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒತ್ತಿದ ಇಟ್ಟಿಗೆ ಹರಡಿದಷ್ಟು ಮಟ್ಟಿಗೆ, ಮಣ್ಣು ತುಳಿದು ಗೋಡೆಯಿಟ್ಟ ನಮ್ಮ ಹಿರಿಯರನ್ನು ಕೂರಿಸಿ ಹದವೇನೆಂದು ಕೇಳುವ ಕೆಲಸ ನಡೆದಿಲ್ಲವೆಂದೇ ನನ್ನ ಎಣಿಕೆ. ಕೇಳಬೇಕಾದವರ ವಯಸ್ಸು ಈಗ ಎಪ್ಪತ್ತು ಎಂಬತ್ತು.

ಡೆವನ್ನಿನಲ್ಲಿ ಹೊಸ ಮನೆಗೆ ಬರಿಯ ಕಾಬ್ ಸಾಲದಾಗಿದೆ. ಮನೆಯೊಳಗಿನ ಶಾಖ ಹೊರಗೆ ಸೋರದಂತೆ ತಡೆಯಬೇಕೆಂದು ಅಲ್ಲಿಯ ಕಟ್ಟಡ ನಿಯಮಗಳು ಕೇಳುವಷ್ಟನ್ನು ಎರಡು ಅಡಿಯ ಮಣ್ಣು ಕೊಡಲಾರದು. ಇದಕ್ಕಾಗಿ ಪ್ಲಿಮತ್ ವಿಶ್ವವಿದ್ಯಾಲಯವೂ ಕಾಲುವೆಯಾಚೆಯ ನಾರ್ಮಂಡಿಯ ಸಂಸ್ಥೆಗಳೂ ಕೂಡಿ ೨೦೧೭ರಲ್ಲಿ ಒಂದು ಸಂಶೋಧನೆ ಆರಂಭಿಸಿದವು. ನಾರ್ಮಂಡಿಯಲ್ಲಿಯೂ ಇದೇ ಗೋಡೆಯುಂಟು, ಹೆಸರು ‘ಬೋಜ್’. ಎರಡು ಹೆಸರು ಸೇರಿಸಿ ಯೋಜನೆಗೆ ‘ಕಾಬ್‌ಬೋಜ್’ ಎಂದು ಕರೆದರು. ಅವರ ಗೋಡೆಗೆ ಎರಡು ಪದರ. ಒಂದು ಭಾರ ಹೊರುವ ಹಳೆಯ ಕಾಬ್. ಅದಕ್ಕೆ ಅಂಟಿಕೊಂಡ ಇನ್ನೊಂದು, ಸೆಣಬಿನ ಜಾತಿಯ ಗಿಡದ ಕಡ್ಡಿಯ ಚೂರನ್ನು ಜೇಡಿಯ ತಿಳಿಯಲ್ಲಿ ಅದ್ದಿ ಮಾಡಿದ ಹಗುರ ಪದರ. ಶಾಖ ತಡೆಯುವುದು ಇದರ ಕೆಲಸ. ಎರಡನ್ನೂ ಒಟ್ಟಿಗೇ ಏರಿಸುತ್ತಾರೆ. ಒಂದರಲ್ಲಿ ಮಣ್ಣು ಹೆಚ್ಚು, ಹುಲ್ಲು ಕಡಿಮೆ. ಇನ್ನೊಂದರಲ್ಲಿ ಅದೇ ತಿರುಗುಮುರುಗು.

ಹಳೆಯ ಗೋಡೆ ಬಿದ್ದರೆ ಮಾಡುವುದೂ ಅಲ್ಲಿ ಇಂದು ಮತ್ತೆ ರೂಢಿಗೆ ಬಂದಿದೆ. ಬಿದ್ದ ಮಣ್ಣನ್ನು ಹೊರಗೆ ಸಾಗಿಸುವುದಿಲ್ಲ. ಹೆಂಟೆಗಳನ್ನು ಒಡೆದು, ಸಿಮೆಂಟಿನ ಚಿಪ್ಪುಗಳನ್ನು ಆರಿಸಿ ಬಿಸುಟು, ಉಳಿದುದನ್ನು ಒಂದು ರಾತ್ರಿ ನೆನೆಯಲು ಬಿಡುತ್ತಾರೆ. ಹಳೆಯ ಹುಲ್ಲು ಹಲವೆಡೆ ಇನ್ನೂ ಬಂಗಾರದ ಬಣ್ಣದಲ್ಲಿಯೇ ಇರುತ್ತದೆ. ಅದರ ಮೇಲೆ ಈ ವರ್ಷದ ಸುಗ್ಗಿಯ ಹುಲ್ಲನ್ನು ಉದುರಿಸಿ, ಮರುದಿನ ಬೆಳಗ್ಗೆ ತುಳಿಯತೊಡಗುತ್ತಾರೆ.